ಪುಟ್ಟಮಾದಪ್ಪನಿಗೆ ಕಳಿಸಿದ ಲಿಂಕು

ಋಣವೆಂಬುದು ಜನ್ಮಜನ್ಮಾಂತರಗಳನ್ನು ದಾಟಿ ಮನುಷ್ಯನನ್ನು ಬೆನ್ನಟ್ಟಿ ಬರುತ್ತದೆ ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ಯಾರೂ ಪ್ರಿಂಟಿಂಗ್ ಪ್ರೆಸ್ಸು ನಡೆಸಿದವರಲ್ಲ. ನಂಜನಗೂಡಿನಲ್ಲಿ ನಲವತ್ತೊಂದು ವರ್ಷ ಪ್ರೆಸ್ಸು ನಡೆಸಿರುವ ನನ್ನ ಅನುಭವದಲ್ಲಿ, ಜನ ನಮಗೆ ಕೊಡಬೇಕಾದ ಹಣ ಜನ್ಮಾಂತರವಿರಲಿ, ಪಕ್ಕದ ತಾಲ್ಲೂಕಿನಿಂದಲೂ ತಾನಾಗಿ ಬಂದದ್ದಿಲ್ಲ. ಬಸ್ಸು ಹತ್ತಿ ಹೋಗಿ ತರಬೇಕು. ಹೋದರೆ ಹಣ ಬರುತ್ತದೆಂದೇನೂ ಅಲ್ಲ. ಹೋದವನು ಮಾತ್ರ ವಾಪಸು ಬರುತ್ತಾನೆ.

ಭಾಷೆಯೇ ಇದಕ್ಕೆ ಸಾಕ್ಷಿ. ಬಾಕಿ, ವಸೂಲಿ, ಜಮಾ, ರಸೀದಿ, ಚುಕ್ತಾ: ಇವು ಯಾವುವೂ ಮೂಲದಲ್ಲಿ ನಮ್ಮ ಮಾತುಗಳಲ್ಲ. ಯಾವುದೋ ಕಾಲದ ಕಂದಾಯದ ಗುಮಾಸ್ತರು ಬಿಟ್ಟುಹೋದದ್ದು. 'ಸಾಲ' ಎಂಬುದೊಂದು ಮಾತ್ರ ನಮ್ಮ ಮನೆಯದೇ ಪದವೆಂದು ಕಾಣುತ್ತದೆ. ಅಂದರೆ ತೆಗೆದುಕೊಳ್ಳುವ ವಿದ್ಯೆ ನಮಗೆ ಹುಟ್ಟಿನಿಂದ ಬಂದಿತ್ತು. ಕೇಳುವ ವಿದ್ಯೆಯನ್ನು ಹೊರಗಿನಿಂದ ಕಡ ತಂದೆವು. ಆ ಕಡವನ್ನೂ ಇನ್ನೂ ತೀರಿಸಿದ ಹಾಗಿಲ್ಲ.

ವಸೂಲಿಗೆ ಹೋಗುವವನಿಗೆ ಮೊದಲು ಪಂಚಾಂಗಜ್ಞಾನ ಬೇಕು. ಶುಕ್ರವಾರ ಯಾರೂ ದುಡ್ಡು ಕೊಡುವುದಿಲ್ಲ, ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆ. ಮಂಗಳವಾರ ಕೊಡುವುದಿಲ್ಲ, ಯಾಕೆಂದು ಗೊತ್ತಿಲ್ಲ, ಮಂಗಳವಾರವಾದ್ದರಿಂದ. ಸೋಮವಾರ ಪೂಜೆಗೆ ಮುಂಚೆ ಇಲ್ಲ, ಪೂಜೆ ಆದಮೇಲೆ ಯಜಮಾನರು ಊಟಕ್ಕೆ ಕೂತಿರುತ್ತಾರೆ. ದೀಪ ಹಚ್ಚಿದ ಮೇಲೆ ಯಾವ ದಿನವೂ ಇಲ್ಲ. ಅಮಾವಾಸ್ಯೆ ಇಲ್ಲ. ಶನಿವಾರ, ಭಾನುವಾರ ಅವರು ಮದುವೆಗೆ ಹೋಗಿರುತ್ತಾರೆ, ಬಹುಶಃ ನಾನೇ ಅಚ್ಚುಹಾಕಿದ, ಹಣ ಬಾರದ ಕಾರ್ಡಿನ ಮದುವೆಗೆ. ಹೀಗೆ ಸೋಸಿ ಸೋಸಿ ಉಳಿದದ್ದು ಬುಧವಾರ ಮತ್ತು ಗುರುವಾರ. ಹುಲ್ಲಹಳ್ಳಿ ಕಡೆಗೆ ಗುರುವಾರ, ಟಿ. ನರಸೀಪುರಕ್ಕೆ ಬುಧವಾರ ಎಂದು ನಾನು ಮೂವತ್ತು ವರ್ಷ ಪಾಲಿಸಿಕೊಂಡು ಬಂದೆ.

ಈ ವ್ರತಕ್ಕೆ ಭಂಗ ತಂದವಳು ನನ್ನ ಹೆಂಡತಿ ಸರೋಜ. ಅವಳು ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತಳಾದವಳು. ಅಷ್ಟು ಕಾಲ ಬೇರೆಯವರ ಹಣ ಎಣಿಸಿದವಳಿಗೆ ನಮ್ಮ ಹಣ ಎಣಿಸುವ ಆಸೆ ಹುಟ್ಟಿದ್ದು ಸಹಜ. ಎಣಿಸಲು ಕೂತಾಗ ಅದು ನಮ್ಮಲ್ಲಿ ಇಲ್ಲವೆಂದು ಗೊತ್ತಾಯಿತು. ಮೈಸೂರಿನ ಕಾಗದದ ವ್ಯಾಪಾರಿ ಅದೇ ತಿಂಗಳು ಉದ್ದರಿ ನಿಲ್ಲಿಸಿದ್ದ. ಸರೋಜ ನನ್ನ ಕೆಂಪು ಬಟ್ಟೆಯ ರಿಜಿಸ್ಟರನ್ನು ಎರಡು ದಿನ ಓದಿದಳು. ಮೂರನೆಯ ದಿನ ಕನ್ನಡಕ ತೆಗೆದು, "ರೀ, ಇದು ಲೆಕ್ಕದ ಪುಸ್ತಕ ಅಲ್ಲ, ನಿಮ್ಮ ಸ್ನೇಹಿತರ ಪಟ್ಟಿ" ಅಂದಳು.

ಆಮೇಲೆ ಬಂದದ್ದು ಲಿಂಕು. ಸರೋಜ ಫೋನಿಗೆ ಹಾಕಿಕೊಂಡ ಆ್ಯಪಿನಲ್ಲಿ ಗಿರಾಕಿಯ ಹೆಸರು, ಫೋನ್ ನಂಬರು, ಮೊತ್ತ ಇಷ್ಟನ್ನು ತುಂಬಿ ಒತ್ತಿದರೆ ಅವರ ಮೊಬೈಲಿಗೆ ಒಂದು ಸಂದೇಶ ಹೋಗುತ್ತದೆ. ಅದರಲ್ಲಿರುವ ನೀಲಿ ಅಕ್ಷರಗಳನ್ನು ಅವರು ಒತ್ತಿದರೆ ಹಣ ನಮ್ಮ ಖಾತೆಗೆ ಬಂದು ಬೀಳುತ್ತದೆ. ಒತ್ತದಿದ್ದರೆ ಯಂತ್ರವೇ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ನೆನಪು ಮಾಡುತ್ತದೆ. ಬಸ್ಸು ಬೇಡ, ಕೊಡೆ ಬೇಡ, ಕೆಮ್ಮಿ ಮಾತು ಶುರುಮಾಡುವ ಸಂಕಟ ಬೇಡ. ಆ ಸಂದೇಶದ ಒಕ್ಕಣೆಯನ್ನು ಮಾತ್ರ ನಾನೇ ಬರೆಯುತ್ತೇನೆಂದು ಹಟ ಹಿಡಿದೆ. ಅಕ್ಷರದ ಕಸುಬಿನವನು ನಾನು. ಎರಡು ದಿನ ತಿದ್ದಿ ತೀಡಿ ಹೀಗೆ ಬರೆದೆ:

"ಮಾನ್ಯರೇ, ತಾವು ನಮ್ಮಲ್ಲಿ ಮಾಡಿಸಿದ ಮುದ್ರಣ ಕಾರ್ಯದ ಬಾಬ್ತು ಕೆಳಕಂಡ ಹಣ ಬಾಕಿ ಇರುತ್ತದೆ. ಕೆಳಗಿನ ಲಿಂಕು ಒತ್ತಿ ಪಾವತಿಸಿ ಉಪಕರಿಸುವುದು. ತಮ್ಮ ಜೀವನದಲ್ಲಿ ಇಂಥ ಶುಭ ಸಂದರ್ಭಗಳು ಮೇಲಿಂದ ಮೇಲೆ ಒದಗಿ ಬರಲೆಂದೂ, ಪುನಃ ಸೇವೆಗೆ ಅವಕಾಶ ದೊರೆಯಲೆಂದೂ ಹಾರೈಸುತ್ತೇವೆ."

ಸರೋಜ ಓದಿ, "ಮದುವೆ ಕಾರ್ಡಿಗೇನೋ ಸರಿ. ತಿಥಿ ಕಾರ್ಡಿಗೆ?" ಅಂದಳು. ಸಾವಿನ ಮನೆಗೆ ನಾನು ಲಿಂಕು ಕಳಿಸುವುದಿಲ್ಲ, ಎಲ್ಲ ಮುಗಿದ ಮೇಲೆ ನಾನೇ ಹೋಗಿ ಬರುತ್ತೇನೆ ಎಂದು ಗಂಭೀರವಾಗಿ ಹೇಳಿದೆ. ಒಕ್ಕಣೆ ಹಾಗೇ ಉಳಿಯಿತು.

ಹಣ ಬಂತು. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಬೇಸರವೇ. ಹೆಡತಲೆ ಊರಿನ ಒಬ್ಬ ಮೇಷ್ಟ್ರು, ನಾನು ಹನ್ನೊಂದು ಸಲ ಹೋಗಿ ಹನ್ನೊಂದು ಲೋಟ ಮಜ್ಜಿಗೆ ಕುಡಿದು ಬರಿಗೈಲಿ ಬಂದಿದ್ದ ಮನುಷ್ಯ, ಲಿಂಕು ಹೋದ ಸಂಜೆಯೇ ಕಟ್ಟಿಬಿಟ್ಟರು. ಹಾಗಾದರೆ ಅವರು ಕೊಡದೇ ಇದ್ದದ್ದು ನನಗೆ, ಯಂತ್ರಕ್ಕಲ್ಲ. ಶುಕ್ರವಾರ ಮಾತ್ರ ಯಂತ್ರದ ಆಟವೂ ನಡೆಯಲಿಲ್ಲ. ಗುರುವಾರ ಸಂಜೆ ಕಳಿಸಿದ ಲಿಂಕುಗಳು ಶುಕ್ರವಾರವಿಡೀ ಸುಮ್ಮನೆ ಮಲಗಿದ್ದು ಶನಿವಾರ ಬೆಳಿಗ್ಗೆ ಎದ್ದುಬರುತ್ತಿದ್ದವು. ಲಕ್ಷ್ಮಿಗೆ ಫೋನಿನೊಳಗಿನ ದಾರಿಯೂ ಗೊತ್ತಿದೆ ಎಂದು ಸಮಾಧಾನಪಟ್ಟುಕೊಂಡೆ.

ಇಲ್ಲಿ ನಮ್ಮ ಪ್ರೆಸ್ಸಿನ ಒಂದು ಪದ್ಧತಿ ಹೇಳಬೇಕು. ಕೆಲಸವನ್ನು ನಾವು ಬರೆದುಕೊಳ್ಳುವುದು ತಂದುಕೊಟ್ಟವರ ಹೆಸರಿನಲ್ಲಲ್ಲ, ಕಾರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಯಾರ ಹೆಸರು ಬರುತ್ತದೋ ಅವರ ಹೆಸರಿನಲ್ಲಿ. ಮದುವೆಯಾದರೆ ಹುಡುಗಿಯದು. ಗೃಹಪ್ರವೇಶವಾದರೆ ಮನೆಯದು. ಸಾವಾದರೆ ಸತ್ತವರದು. ಇದಕ್ಕೆ ಕಾರಣವುಂಟು. ಸಾವಿನ ಮನೆಯಿಂದ ಒಕ್ಕಣೆಯ ಚೀಟಿ ತರುವವನು ಯಾರೋ ಷಡ್ಡಕ. ಹಣ ಕೊಡಬೇಕಾದವರು ಯಾರೆಂಬುದು ಅಣ್ಣತಮ್ಮಂದಿರಲ್ಲಿ ಇನ್ನೂ ತೀರ್ಮಾನವಾಗಿರುವುದಿಲ್ಲ. ಆ ಹೊತ್ತಿನಲ್ಲಿ ಇಡೀ ಮನೆ ತಕರಾರಿಲ್ಲದೆ ಒಪ್ಪುವ ಹೆಸರು ಒಂದೇ. ಹಾಗಾಗಿ ನನ್ನ ರಿಜಿಸ್ಟರಿನಲ್ಲಿ ಮೃತರ ಮೇಲೆ ಸಾಕಷ್ಟು ಬಾಕಿ ಇರುತ್ತಿತ್ತು. ಅವರ ಬಗ್ಗೆ ನನ್ನದೇನೂ ದೂರಿಲ್ಲ.

ಇನ್ನು ಪುಟ್ಟಮಾದಪ್ಪ. ಟಿ. ನರಸೀಪುರದಲ್ಲಿ ಮೊಳೆ, ಪೈಪು, ಬಣ್ಣ ಮಾರುವ ಅವನ ಅಂಗಡಿಗೆ ಮೂವತ್ತು ವರ್ಷದಿಂದ ಬಿಲ್ಲಿನ ಪುಸ್ತಕ ಅಚ್ಚುಹಾಕುತ್ತಿದ್ದವನು ನಾನು. ಅವನು ಹಣಕ್ಕೆ ಸತಾಯಿಸಿದವನಲ್ಲ. ಆದರೆ ಅವನ ಖಾತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನಲವತ್ತು ರೂಪಾಯಿ ಬಾಕಿ ನಿಂತಿತ್ತು. ಸರೋಜ ಅದನ್ನೂ ಫೋನಿಗೆ ಏರಿಸಿದ್ದಳು, ಅವನಿಗೆ ಲಿಂಕು ಕಳಿಸಲು ಮಾತ್ರ ನಾನು ಬಿಟ್ಟಿರಲಿಲ್ಲ.

ಆಗಿದ್ದು ಇಷ್ಟು. ಒಂದು ಸಲ ನಾನು ಕೊಟ್ಟ ಪುಸ್ತಕದಲ್ಲಿ ಮುನ್ನೂರ ನಲವತ್ತಾರನೆಯ ಬಿಲ್ಲಾದ ಮೇಲೆ ಮುನ್ನೂರ ನಲವತ್ತೆಂಟು ಬಂದಿತ್ತು. ಮಾರಾಟ ತೆರಿಗೆಯವರು ಬಂದು, ನಲವತ್ತೇಳು ಎಲ್ಲಿ, ಯಾವ ವ್ಯಾಪಾರ ಬಚ್ಚಿಟ್ಟಿದ್ದೀಯ ಎಂದು ಅವನನ್ನು ಮೈಸೂರಿಗೆ ಎರಡು ಸಲ ಅಲೆಸಿದರು. ಅವನು ಬಸ್ ಚಾರ್ಜು, ಕಾಫಿ, ತಿಂಡಿ ಎಲ್ಲ ಕೂಡಿಸಿ ನಲವತ್ತು ರೂಪಾಯಿಯನ್ನು ನನ್ನ ಹಣದಲ್ಲಿ ಮುರಿದುಕೊಂಡ. ನಾನು ಒಪ್ಪಲಿಲ್ಲ. ಆ ಹಾಳೆಯನ್ನು ನೀನೇ ಹರಿದು ಯಾರಿಗೋ ಮೊಳೆ ಕಟ್ಟಿಕೊಟ್ಟಿದ್ದೀಯ ಎಂದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ಪುಟ್ಟಮಾದಪ್ಪನ ಪ್ರಾಮಾಣಿಕತೆಯನ್ನು ಯಾರಾದರೂ ಶಂಕಿಸಿದ್ದರೆ ಅದು ತೆರಿಗೆಯವರು ಮತ್ತು ನಾನು.

ಅಲ್ಲಿಂದ ಎರಡು ಮೂರು ತಿಂಗಳಿಗೊಂದು ಬುಧವಾರ ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದಾಗಲೆಲ್ಲ ಅದೇ ಶುರು.

"ಬಾಪ್ಪಾ ಪ್ರೆಸ್ಸು. ನಲ್ವತ್ ರೂಪಾಯ್ ವಸೂಲಿಗ್ ಬಂದ್ಯಾ?"

"ಹೂಂ ಕಣಯ್ಯ. ಬಡ್ಡಿ ಸಮೇತ ತೆಗಿ."

"ಬಡ್ಡೀಗ್ ಕಾಫಿ ಕುಡಿ. ಅಸಲು ನಾ ಸತ್ತ್ ಮ್ಯಾಕೆ ಇಸ್ಕೋ. ಏ ನೀಲಾ, ಪ್ರೆಸ್ಸು ಬಂದವ್ನೆ, ಮೊಳೆ ಕಟ್ಟಕ್ಕೆ ಒಂದ್ ಬಿಲ್ ಅರ್ಕೊಂಡ್ ಬಾ!"

ಒಳಗಿನಿಂದ ಅವನ ಹೆಂಡತಿ ನೀಲಮ್ಮ ಕಾಫಿ ತರುತ್ತಿದ್ದರು. ಬೇರೆ ಬಿಲ್ಲುಗಳ ಹಣವನ್ನು ಅವನು ಆ ಹೊತ್ತಿಗೇ ಎಣಿಸಿ ಇಟ್ಟಿರುತ್ತಿದ್ದ. ಅದು ಐದು ನಿಮಿಷದ ಕೆಲಸ. ನಲವತ್ತು ರೂಪಾಯಿಗೆ ಮಧ್ಯಾಹ್ನವೆಲ್ಲ ಬೇಕಾಗುತ್ತಿತ್ತು. ಕೊನೇ ಬಸ್ಸಿಗೆ ಮುಂಚಿನ ಬಸ್ಸಿನಲ್ಲಿ ನಾನು ವಾಪಸಾಗುತ್ತಿದ್ದೆ. ನಮ್ಮೂರ ಕಪಿಲೆಯೂ ಇದೇ ದಾರಿಯಲ್ಲಿ ಟಿ. ನರಸೀಪುರಕ್ಕೆ ಹೋಗಿ ತನ್ನಲ್ಲಿರುವುದನ್ನೆಲ್ಲ ಕಾವೇರಿಗೆ ಒಪ್ಪಿಸುತ್ತಾಳೆ. ಅವಳಿಗೆ ವಾಪಸು ಬರುವ ತಾಪತ್ರಯವಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಮುನ್ನೂರ ನಲವತ್ತೇಳನೆಯ ಬಿಲ್ಲು ನನಗೆ ಸಿಕ್ಕಿತ್ತು. ಜಗಳವಾದ ಎಂಟು ದಿನಕ್ಕೆ, ಮೆಷಿನ್ನಿನ ಕೆಳಗೆ ಗುಡಿಸುವಾಗ, ಮಸಿಗೆ ಅಂಟಿಕೊಂಡು ಬಿದ್ದಿತ್ತು. ಅಂಕಿ ಸ್ಪಷ್ಟವಾಗಿತ್ತು. ಅದನ್ನು ಒರೆಸಿ, ಒಣಗಿಸಿ, ರಿಜಿಸ್ಟರಿನ ರಟ್ಟಿನೊಳಗೆ ಇಟ್ಟೆ. ಮುಂದಿನ ಬುಧವಾರ ಹೇಳೋಣ ಎಂದುಕೊಂಡೆ. ಮುಂದಿನ ಬುಧವಾರ ಪುಟ್ಟಮಾದಪ್ಪ ಎಷ್ಟು ಸೊಗಸಾಗಿ ಬೈದನೆಂದರೆ ಹೇಳಲು ಮನಸ್ಸು ಬರಲಿಲ್ಲ. ಹೀಗೆ ಇಪ್ಪತ್ತೆರಡು ವರ್ಷ.

ಹೋದ ವರ್ಷ ಒಂದು ಗುರುವಾರ ಬೆಳಿಗ್ಗೆ ಅಂಗಡಿಯ ಷಟರ್ ಎತ್ತಲು ಬಗ್ಗಿದ ಪುಟ್ಟಮಾದಪ್ಪ ಮತ್ತೆ ಏಳಲಿಲ್ಲ.

ಸಂಜೆ ಮಣ್ಣಿಗೆ ಹೋಗಿದ್ದೆ. ಹಣೆ ತುಂಬ ವಿಭೂತಿ ಹಚ್ಚಿ ಕೂರಿಸಿದ್ದರು. ಯಾರೋ ವಸೂಲಿಗೆ ಬಂದರೆಂದು ಕಣ್ಣು ಮುಚ್ಚಿ ಕೂತ ಹಾಗೇ ಇದ್ದ. ಹೊರಡುವಾಗ ಅವನ ಭಾವಮೈದ ಹನ್ನೊಂದನೆಯ ದಿನದ ಶಿವಗಣಾರಾಧನೆಯ ಕಾರ್ಡಿನ ಒಕ್ಕಣೆ ಬರೆದ ಚೀಟಿಯನ್ನು ನನ್ನ ಕೈಗಿಟ್ಟ. ಮುನ್ನೂರು ಕಾರ್ಡು. ಹಣದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇದು ನನ್ನ ಕಡೆಯಿಂದ ಪುಟ್ಟಮಾದಪ್ಪನಿಗೆ ಕೊನೆಯ ಕೆಲಸ, ಒಂದು ಪೈಸೆ ಮುಟ್ಟುವುದಿಲ್ಲ ಎಂದು ಬಸ್ಸಿನಲ್ಲೇ ನಿಶ್ಚಯಿಸಿದ್ದೆ.

ಶನಿವಾರ ಬೆಳಿಗ್ಗೆ ಕಾರ್ಡು ಮುಗಿಸಿ, ಕಟ್ಟು ಕಟ್ಟಿ, ನರಸೀಪುರದ ಬಸ್ಸಿನ ಕಂಡಕ್ಟರ ಕೈಲಿ ಕಳಿಸಿದೆ. ಆಮೇಲೆ ಸರೋಜಳ ಕಾನೂನಿನ ಪ್ರಕಾರ ಆ ಕೆಲಸವನ್ನು ಫೋನಿನಲ್ಲಿ ನಮೂದಿಸಬೇಕಾಗಿತ್ತು. ಬಿಟ್ಟಿ ಕೆಲಸವಾದರೂ ನಮೂದಿಸದಿದ್ದರೆ ಕಾಗದದ ದಾಸ್ತಾನು ತಾಳೆಯಾಗುವುದಿಲ್ಲ. ಅವಳು ತರಕಾರಿಗೆ ಹೋಗಿದ್ದಳು. ನಾನೇ ಕೂತೆ. ಪದ್ಧತಿಯಂತೆ ಸತ್ತವನ ಹೆಸರಿನ ಎರಡಕ್ಷರ ಒತ್ತಿದೆ. ಉಳಿದದ್ದನ್ನು ಅದೇ ಬರೆದುಕೊಂಡಿತು. ಹಳೆಯ ಗಿರಾಕಿಯಾದ್ದರಿಂದ ಫೋನ್ ನಂಬರೂ ಬಂದು ಕೂತಿತು. ಮುನ್ನೂರು ಕಾರ್ಡು ಎಂದೆ, ಸಾವಿರದ ಎಂಟುನೂರು ಎಂದು ಅದೇ ಲೆಕ್ಕ ಹಾಕಿತು. ಅಳಿಸಿ ಸೊನ್ನೆ ಹಾಕಿದೆ. ಮೊತ್ತ ಸೊನ್ನೆ ಇರುವಂತಿಲ್ಲ ಎಂದಿತು. ಮತ್ತೆ ಸೊನ್ನೆ ಹಾಕಿದೆ. ಮತ್ತೆ ಹಾಗೇ ಎಂದಿತು. ಬಿಟ್ಟಿಯಾಗಿ ಏನನ್ನಾದರೂ ಮಾಡಿಕೊಡಬಹುದೆಂಬುದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಸರೋಜ ಬಂದು ಸರಿಮಾಡಲಿ ಎಂದು ಮೊದಲಿನ ಮೊತ್ತವನ್ನೇ ಬಿಟ್ಟು, ಕೆಳಗಿನ ಗುಂಡಿ ಒತ್ತಿ ಎದ್ದೆ. ಆ ಗುಂಡಿಯಲ್ಲಿ 'ಉಳಿಸಿ' ಎಂದಿದ್ದದ್ದನ್ನು ಮಾತ್ರ ಓದಿದ್ದೆ. ಪೂರ್ತಿ ಇದ್ದದ್ದು 'ಉಳಿಸಿ, ಕಳಿಸಿ'. ನಲವತ್ತೊಂದು ವರ್ಷ ಕರಡು ತಿದ್ದಿದವನು ನಾನು. ತರಕಾರಿ ಬಂತು, ಅಡಿಗೆಯಾಯಿತು, ಸರೋಜಳಿಗೆ ಹೇಳಬೇಕೆಂಬುದು ಮರೆತೂ ಹೋಯಿತು.

ಮಂಗಳವಾರ ಬೆಳಿಗ್ಗೆ ಸರೋಜ ಫೋನು ನೋಡುತ್ತ, "ರೀ, ಪುಟ್ಟಮಾದಪ್ಪನವರು ದುಡ್ಡು ಕಟ್ಟಿದಾರೆ" ಅಂದಳು.

"ಯಾವ ಪುಟ್ಟಮಾದಪ್ಪ?" ಅಂದೆ. ನಮ್ಮ ಕಡೆ ಆ ಹೆಸರಿಗೇನೂ ಬರವಿಲ್ಲ.

ಅವಳು ಇನ್ನೊಮ್ಮೆ ನೋಡಿದಳು. ಆಮೇಲೆ ಫೋನನ್ನು ನನ್ನ ಮುಂದೆ ಇಟ್ಟಳು. ಪಾವತಿಸಿದವರು: ಪುಟ್ಟಮಾದಪ್ಪ, ಟಿ. ನರಸೀಪುರ. ಸಮಯ ಹತ್ತು ಗಂಟೆ ಹನ್ನೊಂದು ನಿಮಿಷ. ಮೂರನೆಯ ಜ್ಞಾಪನ ಹೋಗಿ ಹನ್ನೊಂದೇ ನಿಮಿಷ. ಮೊತ್ತ ಸಾವಿರದ ಎಂಟುನೂರ ನಲವತ್ತು. ಹಳೆಯ ಬಾಕಿಯನ್ನೂ ಯಂತ್ರ ತಾನೇ ಸೇರಿಸಿಕೊಂಡಿತ್ತು.

ಮಂಗಳವಾರ! ಬದುಕಿದ್ದಾಗ ಅವನು ಮಂಗಳವಾರ ಯಾರಿಗೂ ದುಡ್ಡು ಬಿಚ್ಚಿದವನಲ್ಲ.

ಅಂದರೆ ಶನಿವಾರದಿಂದ ಆ ಮನೆಯಲ್ಲಿ ಏನಾಗಿರಬಹುದೆಂದು ನಾನು ಕೂತು ಲೆಕ್ಕ ಹಾಕಿದೆ. ಫೋಟೋ, ಹೂವು, ದೀಪ, ಮಾತಾಡಿಸಲು ಬಂದ ಜನ. ದಿನಾ ಹತ್ತು ಗಂಟೆಗೆ ಸರಿಯಾಗಿ ಸತ್ತವನ ಫೋನು ಟಿಣ್ ಎಂದು, ತಮ್ಮ ಜೀವನದಲ್ಲಿ ಇಂಥ ಶುಭ ಸಂದರ್ಭಗಳು ಮೇಲಿಂದ ಮೇಲೆ ಒದಗಿ ಬರಲಿ ಎಂದು ಅವನಿಗೆ ಹಾರೈಸಿದೆ. ಒಂದಕ್ಷರವೂ ತಪ್ಪಿರಲಿಲ್ಲ. ನಾನೇ ತಿದ್ದಿದ್ದು.

ಫೋನು ಮಾಡಿ ಕ್ಷಮೆ ಕೇಳೋಣವೆಂದರೆ ಆ ಮನೆಯ ನಂಬರೆಂದು ನನ್ನಲ್ಲಿದ್ದದ್ದು ಅವನದೊಂದೇ. ಅದಕ್ಕೆ ಮತ್ತೆ ರಿಂಗು ಮಾಡುವ ಧೈರ್ಯ ಬರಲಿಲ್ಲ. ಅದೇ ಮಧ್ಯಾಹ್ನ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೇಗೂ ಹೋಗಬೇಕಲ್ಲ ಎಂದು ಭಾನುವಾರದವರೆಗೆ ತಳ್ಳಿದೆ. ತಳ್ಳುವುದರಲ್ಲಿ ಇಪ್ಪತ್ತೆರಡು ವರ್ಷದ ಅನುಭವವಿದ್ದವನಿಗೆ ಐದು ದಿನ ದೊಡ್ಡದಲ್ಲ. ಆ ಮನೆಯ ಬಾಗಿಲು ಇನ್ನು ನನಗೆ ತೆರೆದಿರುತ್ತದೋ ಇಲ್ಲವೋ ಎಂಬುದೊಂದೇ ಆ ಐದು ದಿನವೂ ತಲೆಯಲ್ಲಿ ತಿರುಗುತ್ತಿತ್ತು.

ಭಾನುವಾರ ಒಂದು ಲಕೋಟೆಯಲ್ಲಿ ಸಾವಿರದ ಎಂಟುನೂರ ನಲವತ್ತು ರೂಪಾಯಿ, ಇನ್ನೊಂದರಲ್ಲಿ ಮುನ್ನೂರ ನಲವತ್ತೇಳನೆಯ ಬಿಲ್ಲು ಇಟ್ಟುಕೊಂಡು ಹೊರಟೆ. ಬಾಗಿಲು ತೆರೆದೇ ಇತ್ತು, ನೂರಾರು ಜನಕ್ಕೆ. ಪೂಜೆ ಮುಗಿದು ಮೊದಲ ಪಂಕ್ತಿ ಕೂತಿತ್ತು. ನೀಲಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು.

"ಬನ್ನಿ ಪ್ರೆಸ್ಸಣ್ಣ" ಅಂದರು. "ದುಡ್ಡು ಬಂತಾ?"

ನಾನು ಚಾಪೆಯ ತುದಿಗೆ ಕೂತೆ. "ನೀಲಮ್ಮ, ಅದು ಗೊತ್ತಿಲ್ಲದೆ ಆದ ತಪ್ಪು. ಫೋನಿನಲ್ಲಿ ಏನೋ ಒತ್ತಿಬಿಟ್ಟೆ. ಅವನ ಕಾರ್ಡಿಗೆ ನಾನು ದುಡ್ಡು ತಗೋತೀನಾ? ತಂದಿದ್ದೀನಿ, ಇಟ್ಕೊಳ್ಳಿ."

ಅವರು ಲಕೋಟೆ ಮುಟ್ಟಲಿಲ್ಲ. "ಬ್ಯಾಡಿ. ಅವ್ರ್ ಕಾರ್ಯಕ್ಕೆ ಬಿಟ್ಟಿ ಮಾಡ್ಸ್ಕೊಂಡ್ರು ಅಂತ ಆಗ್ಬಾರ್ದು. ಓದೊರ್ಸ ಅವ್ರ್ಗೆ ಕಣ್ಣು ಮಂಜಾದಾಗ್ನಿಂದ ಅವ್ರ ಫೋನ್ನಲ್ಲಿ ದುಡ್ ಕಳ್ಸ್ತಿದ್ದೋಳು ನಾನೇಯ. ಇಬ್ರ ಎಸ್ರಲ್ಲೂ ಇರೋ ಖಾತೆ. ಮೊದ್ಲೆಲ್ಡ್ ದಿನ ನೋಡ್ಬುಟ್ಟು ಸುಮ್ಕಾದೆ. ಮೂರ್ನೇ ದಿನ ನಲ್ವತ್ತು ಅನ್ನೋದ್ ಕಾಣ್ತು."

ಫೋಟೋದ ಕಡೆ ನೋಡಿ ಹೇಳಿದರು: "ಆ ನಲ್ವತ್ತ ಅವ್ರು ಕೊಡೋರಲ್ಲ ಪ್ರೆಸ್ಸಣ್ಣ. ಸಾಯಾ ತಂಕ್ಲೂ ತಪ್ಪು ನಂದಲ್ಲ ಅಂತ್ಲೇ ಏಳ್ತಿದ್ರು. ಆದ್ರೆ ಸತ್ತೋರ್ ಎಸ್ರಲ್ಲಿ ಬಾಕಿ ಅಂತ ದಿನಾ ಬಡ್ಕೊತಿತ್ತಲ್ಲ ಅದು, ಕೇಳಕ್ಕಾಗ್ನಿಲ್ಲ. ಕಟ್ಬುಟ್ಟೆ."

ಆಗ ನಾನು ಎರಡನೆಯ ಲಕೋಟೆಯಿಂದ ಬಿಲ್ಲು ತೆಗೆದು ಅವರ ಮುಂದೆ ಇಟ್ಟೆ. ಮಸಿಯ ಕಲೆ ಹಾಗೇ ಇತ್ತು. "ತಪ್ಪು ಅವನದಲ್ಲ. ನಂದು. ಇದು ನನಗೆ ಆವಾಗಲೇ ಸಿಕ್ಕಿತ್ತು."

ನೀಲಮ್ಮ ಬಿಲ್ಲನ್ನು ಕೈಗೆತ್ತಿಕೊಂಡು ಅಂಕಿಯ ಮೇಲೆ ಬೆರಳಾಡಿಸಿದರು. ನಗುತ್ತಾರೇನೋ ಎಂದು ನಾನು ಕಾದೆ. ಪುಟ್ಟಮಾದಪ್ಪನಾಗಿದ್ದರೆ ಬೀದಿಯನ್ನೆಲ್ಲ ಕೂಗಿ ಕರೆದು ತೋರಿಸುತ್ತಿದ್ದ.

"ಆವಾಗ್ಲೇ ಅಂದ್ರೆ?"

"ಎಂಟು ದಿನಕ್ಕೆ."

"ಎಲ್ಡ್ ಸಲ ಮೈಸೂರ್ಗೆ ಅಲ್ದಿದ್ಕಲ್ಲ ಅವ್ರಿಗೆ ಬ್ಯಾಸ್ರ. ನೀವು ನಂಬ್ನಿಲ್ಲ ಅಂತ. ನಿಮ್ ಮುಂದೆ ನಗ್ತಿದ್ರು. ನೀವ್ ಬಸ್ ಅತ್ತುದ್ ಮ್ಯಾಲೆ, 'ನಾನು ಅಂಗ್ ಮಾಡೋನಾ ನೀಲಾ' ಅಂತ ಕೇಳೋರು." ಬಿಲ್ಲನ್ನು ನನ್ನ ಕೈಗೇ ವಾಪಸು ಕೊಟ್ಟರು. "ಇದ ಅನ್ನೊಂದ್ ದಿನ ಮುಂಚೆ ತರ್ಬೇಕಾಗಿತ್ತು. ನಂಗ್ಯಾಕೆ ಏಳ್ತೀರಿ? ಓಗಿ, ಅವ್ರ್ ಮುಂದೆ ಏಳಿ."

ಅವರು ತಮಾಷೆಗೆ ಹೇಳಲಿಲ್ಲ. ನಾನು ಎದ್ದು ಫೋಟೋದ ಮುಂದೆ ಹೋಗಿ ನಿಂತೆ. ಎರಡನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಬಡಿಸುವವರು ನನ್ನನ್ನು ಸುತ್ತಿಕೊಂಡು ಓಡಾಡುತ್ತಿದ್ದರು. "ಮುನ್ನೂರ ನಲವತ್ತೇಳು ನನ್ನ ಹತ್ತಿರ ಇತ್ತು ಕಣಯ್ಯ" ಎಂದೆ. ಬಕೆಟ್ಟು ಹಿಡಿದಿದ್ದ ಒಬ್ಬರು, "ಏನ್ ಸಾ, ಅನ್ನವಾ?" ಅಂದರು. ಏನೂ ಇಲ್ಲ ಎಂದೆ. ಬಿಲ್ಲನ್ನು ಫೋಟೋದ ಹೂವಿನ ಕೆಳಗೆ ಇಟ್ಟೆ. ಫೋಟೋ ಹಳೆಯದು, ಅದರಲ್ಲಿ ಅವನು ನಗುತ್ತಿದ್ದ. ಈಚೀಚೆಗೆ ಆ ನಗುವಿನ ಬಗ್ಗೆ ನನಗೆ ನಂಬಿಕೆ ಹೋಗಿದೆ.

ಹಣದ ಲಕೋಟೆಯನ್ನು ನೀಲಮ್ಮ ಕೊನೆಗೂ ತೆಗೆದುಕೊಳ್ಳಲಿಲ್ಲ. ಹೊರಡುವಾಗ, "ಪುಸ್ತಕ್ದಲ್ಲಿ ಒಡ್ದಾಕ್ಬುಡಿ ಪ್ರೆಸ್ಸಣ್ಣ, ಮರೀಬ್ಯಾಡಿ" ಎಂದರು. ಅಂಗಡಿಯನ್ನು ಅವರ ತಮ್ಮ ನೋಡಿಕೊಳ್ಳುತ್ತಾನಂತೆ. ಬಿಲ್ಲಿಗೆ ಕಂಪ್ಯೂಟರ್ ತರುತ್ತಾನಂತೆ. ಅದರಲ್ಲಿ ಅಂಕಿ ತಪ್ಪುವುದಿಲ್ಲವಂತೆ.

ಊರಿಗೆ ಬಂದು ಸರೋಜಳಿಗೆ ಎಲ್ಲ ಹೇಳಿದೆ. ಬಿಲ್ಲಿನ ವಿಷಯ ಅವಳಿಗೂ ಅದೇ ಮೊದಲು ತಿಳಿದದ್ದು.  ಅವಳು ಎದ್ದು ಕೆಂಪು ರಿಜಿಸ್ಟರನ್ನೂ ಅಡಿಪಟ್ಟಿಯನ್ನೂ ತಂದು ನನ್ನ ಮುಂದೆ ಇಟ್ಟು ಒಳಗೆ ಹೋದಳು. ಸಂದೇಶದಿಂದ ನನ್ನ ಒಕ್ಕಣೆಯನ್ನೆಲ್ಲ, ಶುಭ ಸಂದರ್ಭದ ಸಾಲಿನ ಸಮೇತ, ಅವಳೇ ತೆಗೆದುಹಾಕಿದ್ದಾಳೆ. ಈಗ ಅದರಲ್ಲಿ ಮೊತ್ತ ಮತ್ತು ಲಿಂಕು ಮಾತ್ರ ಇವೆ. ಅದಕ್ಕೂ ಹಣ ಬರುತ್ತಿದೆ, ಮೊದಲಿಗಿಂತ ಬೇಗ.

ಪುಟ್ಟಮಾದಪ್ಪನ ಖಾತೆಗೆ ಗೆರೆ ಎಳೆದಿದ್ದೇನೆ. ಬಾಕಿ ಇಲ್ಲ. ಅಲ್ಲಿಂದೀಚೆಗೆ ನಾನು ಟಿ. ನರಸೀಪುರಕ್ಕೆ ಹೋಗಿಲ್ಲ.